ಇಳಿಜಾರಿನಲ್ಲಿ ಅಜ್ಜಿಯ ಮಂಚ

ಮನೆ, ಮಹಡಿಯ ಕೋಣೆ
ಮೇ ೧೯, ಸಂಜೆ

ಪ್ರೀತಿಯ ಅಪ್ಪಾ,

ಹೇಗಿದ್ದೀರಿ? ಹಡಗಿನ ಅಡುಗೆಮನೆಯ ಹಬೆಗೆ ಕೆಮ್ಮು ಮತ್ತೆ ಶುರುವಾಗಿಲ್ಲ ತಾನೇ? ಇಲ್ಲಿ ಅಮ್ಮನೂ ನಾನೂ ಚೆನ್ನಾಗಿದ್ದೇವೆ. ಅಜ್ಜಿಯೂ ಚೆನ್ನಾಗಿದ್ದಾಳೆ, ಮುಂದಿನದನ್ನು ಓದುವಾಗ ನೀವು ಎದೆ ಒಡೆದುಕೊಳ್ಳಬಾರದೆಂದು ಇದನ್ನು ಮೊದಲೇ ಬರೆದುಬಿಟ್ಟೆ.

ಇವತ್ತು ಮಂಚದ ಓಟ ಇತ್ತು. ಚಕ್ರದ ಮಂಚದ ಮೇಲೆ ಒಬ್ಬರನ್ನು ಮಲಗಿಸಿ ನಾಲ್ವರು ದಿಣ್ಣೆಯಿಂದ ಪೇಟೆಗೆ ತಳ್ಳಿಕೊಂಡು ಓಡುವುದು ಹೊಸಬರಿಗೆ ಬರೀ ಹುಚ್ಚಾಟ. ದಿಣ್ಣೆಯ ಆಸ್ಪತ್ರೆಗೆ ಬೆಂಕಿ ಬಿದ್ದ ಬೇಸಿಗೆಯಲ್ಲಿ ಪೇಟೆಯವರೇ ಹತ್ತಿಬಂದು ರೋಗಿಗಳನ್ನು ಮಂಚಸಮೇತ ಇಳಿಸಿದ್ದು, ಮೊದಲ ಮಂಚದಲ್ಲಿ ಹಸಿ ಬಾಣಂತಿ ಅಜ್ಜಿ, ಅವಳ ಮಡಿಲಲ್ಲಿ ನೀವು. ಇದನ್ನೆಲ್ಲ ನಿಮಗೆ ನಾನು ಹೇಳಬೇಕೆ? ಮರುವರ್ಷ ಜನ ಬದುಕಿದ ಖುಷಿಗೆ ಓಡಿದರು, ಆಮೇಲೆ ಗೆಲ್ಲುವುದಕ್ಕೆ. ಆ ಚಟ ಹತ್ತಿದ ಮೇಲೆಯೇ ಅಲ್ಲವೇ, "ನನ್ನ ಮಂಚದ ತಿರುಪು ಸಡಿಲ ಮಾಡಿದೋನು ನನ್ನ ತಮ್ಮನೇ" ಎಂದು ನೀವು ಪೇಟೆಯ ನಡುವೆ ಕೂಗಿದ್ದು? ಅಂದಿನಿಂದ ಚಿಕ್ಕಪ್ಪನಿಗೂ ನಮಗೂ ಎಣ್ಣೆ ಸೀಗೆಕಾಯಿ.

ಈ ಸಲ ಅಜ್ಜಿ ಹಟ ಹಿಡಿದಳು: "ಸಾಯೋದ್ರೊಳಗೆ ಇನ್ನೊಂದ್ಸಲ ಇಳೀತೀನಿ." ನಮ್ಮ ಮಂಚವನ್ನೇ ಹತ್ತಿದಳು. ದರ್ಜಿ ಅಂಗಡಿಯ ತಿರುವಿನಲ್ಲಿ ಬ್ರೇಕಿನ ತಂತಿ ಕಿತ್ತುಹೋಯಿತು. ಉಳಿದ ಮೂವರು ಹಿಂದೆ ಬಿದ್ದರು, ತಳ್ಳುವ ಸರಳು ನನ್ನ ಕೈಯಿಂದಲೂ ಜಾರಿತು. ಬೀದಿಯ ಕೊನೆಯಲ್ಲಿ ನದಿಗಿಳಿಯುವ ಕಲ್ಲಿನ ಮೆಟ್ಟಿಲು, ಅದರ ಕಡೆಗೆ ಮಂಚ ಗಡಗಡ ಒಂಟಿಯಾಗಿ ಓಡುತ್ತಿದೆ. ಅಜ್ಜಿ ಮಂಚದ ಅಂಚನ್ನು ಗಟ್ಟಿಯಾಗಿ ಹಿಡಿದು ನನ್ನನ್ನೇ ನೋಡುತ್ತಿದ್ದಳು.

ಎಲ್ಲರಿಗಿಂತ ಮುಂದಿದ್ದದ್ದು ಚಿಕ್ಕಪ್ಪನ ಮಂಚ. ಇನ್ನು ನಾಲ್ಕು ಹೆಜ್ಜೆ ಹಾಕಿದ್ದರೆ ಗೆಲುವು ಅವರದೇ. ಸದ್ದಿಗೆ ತಿರುಗಿ ನೋಡಿದ ಚಿಕ್ಕಪ್ಪ, "ಅಡ್ಡ ತಿರುಗ್ಸ್ರೋ, ಅಮ್ಮ ಬರ್ತಿದಾಳೆ!" ಎಂದು ಅರಚಿದರು. ಅವರ ಮಂಚದಲ್ಲಿ ಮಲಗಿದ್ದ ಬೇಕರಿಯವನು ಹಾರಿ ಬಚಾವಾದ. ಮಂಚವನ್ನು ಬೀದಿಗೆ ಅಡ್ಡ ಹಾಕಿ, ಚಿಕ್ಕಪ್ಪ ಅದರ ಹಿಂದೆ ತಾವೇ ಭುಜ ಕೊಟ್ಟು ನಿಂತರು. ನಾನು ಕಣ್ಣು ಮುಚ್ಚಿಕೊಂಡೆ. ತೆರೆದಾಗ ಅಜ್ಜಿ ಎದ್ದು ಕೂತು ಕನ್ನಡಕ ತಡಕುತ್ತಿದ್ದಳು. ಮೈಮೇಲೆ ಒಂದು ಗೀರೂ ಇರಲಿಲ್ಲ.

ಹೊತ್ತಿಗೆ ಸರಿಯಾಗಿ ಉಣ್ಣಬೇಕಂತೆ, ಅದೇ ಅಜ್ಜಿಯ ಆಶೀರ್ವಾದ. ಅಮ್ಮ ಬೇರೆ ಕಾಗದ ಬರೆಯುತ್ತಾಳೆ.

ನಿಮ್ಮ ಮಗಳು,
ಪುಟ್ಟಿ

ಇನ್ನೊಂದು ಮಾತು: ಅಜ್ಜಿಯ ಮಂಚ ಬಡಿದ ರಭಸಕ್ಕೆ ಹಿಂದಕ್ಕೆ ಜಾರಿದ ತಮ್ಮ ಮಂಚದಡಿಯೇ ಸಿಕ್ಕಿ ಚಿಕ್ಕಪ್ಪನ ಎರಡೂ ಕಾಲು ಮುರಿದಿವೆ. ಮತ್ತೆ ನಡೆದಾರೋ ಇಲ್ಲವೋ, ಡಾಕ್ಟರು ಬಾಯಿಬಿಡುತ್ತಿಲ್ಲ. ಆಂಬುಲೆನ್ಸಿಗೆ ಎತ್ತುವಾಗ ನನ್ನ ಕೈ ಹಿಡಿದು, "ಅಣ್ಣಂಗೆ ಹೇಳ್ಬೇಡ ಕಣೇ, ಕೆಲಸ ಬಿಟ್ಟು ಓಡಿ ಬರ್ತಾನೆ" ಎಂದರು. ಅದಕ್ಕೇ ಹೇಳುತ್ತಿದ್ದೇನೆ.