ಜಡೆಯ ತುದಿಯ ಗಂಟು

ಅಪ್ಪಾ,

ಕಾಗದದಲ್ಲಿ ಹಿರಿಯರಿಗೆ ಬಹುವಚನ ಬಳಸಬೇಕೆಂದು ಸ್ಕೂಲಿನಲ್ಲಿ ಹೇಳಿಕೊಟ್ಟಿದ್ದರು. ಹುಟ್ಟಿದಾಗಿನಿಂದ ನೀನು ಎಂದು ಕರೆದವನು ಈಗ ನೀವು ಎಂದರೆ ಕರೆಂಟ್ ಆಫೀಸಿನ ನೋಟೀಸು ಬಂತೆಂದು ಗಾಬರಿ ಬೀಳುತ್ತೀಯ. ಫೋನ್ ಮಾಡಬಹುದಿತ್ತಲ್ಲ ಎನ್ನಬೇಡ. ಮಾಡಿದರೆ ನನ್ನ ಹಲೋ ಮುಗಿಯುವ ಮೊದಲೇ "ತಕೊ, ನಿಮ್ಮವ್ವಂಗೆ ಕೊಡ್ತೀನಿ" ಎಂದು ದಾಟಿಸಿಬಿಡುತ್ತೀಯ. ಆರು ವರ್ಷದಿಂದ ಇದೇ ಆಟ. ಕಾಗದವನ್ನು ಹಾಗೆ ದಾಟಿಸಲು ಆಗುವುದಿಲ್ಲ, ಮೇಲೆ ಚಲುವಯ್ಯನವರಿಗೆ ಎಂದು ದಪ್ಪಗೆ ಬರೆದಿದ್ದೇನೆ.

ವಿಷಯ ಆ ಫೋಟೋದ್ದು. ಹೌದು, ಅದೇ. ಬೆಟ್ಟದಪುರದ ಬೆಟ್ಟದಲ್ಲಿ ನನ್ನ ಮುಡಿ ಕೊಡುವ ಮುಂಚೆ, ಕೂದಲು ಹೋಗುವ ಮೊದಲು ಒಂದು ನೆನಪಿರಲಿ ಎಂದು, ಮೂರು ವರ್ಷದ ನನಗೆ ಲಂಗ ತೊಡಿಸಿ, ಮೊಗ್ಗಿನ ಜಡೆ ಹಾಕಿಸಿ, ಹಿಂದೆ ಕನ್ನಡಿ ಇಟ್ಟು ಪಿರಿಯಾಪಟ್ಟಣದ ಸ್ಟುಡಿಯೋದಲ್ಲಿ ತೆಗೆಸಿದ್ದು. ಗಂಡುಮಕ್ಕಳದು ಹೀಗೊಂದು ಫೋಟೋ ನಮ್ಮ ಕಡೆ ಮನೆಮನೆಯಲ್ಲೂ ಇದೆ. ಆದರೆ ಆ ಮಕ್ಕಳೆಲ್ಲ ನೆಟ್ಟಗೆ ಕ್ಯಾಮೆರಾ ನೋಡುತ್ತಾರೆ. ನಾನೊಬ್ಬ ಕತ್ತು ಎಡಕ್ಕೆ ತಿರುಗಿಸಿ, ಬಾಯಿ ಬಿಟ್ಟುಕೊಂಡು ಫ್ರೇಮಿನ ರಟ್ಟು ನೋಡುತ್ತಿದ್ದೇನೆ. ಮನೆಗೆ ಬಂದವರೆಲ್ಲ "ಎತ್ಲಾಗ್ ನೋಡ್ತಾ ಅದೆ ಈ ಕೂಸು?" ಎಂದು ನಗುತ್ತಿದ್ದರು.

ಕಂಪಲಾಪುರದಲ್ಲಿ ಹೊಗೆಸೊಪ್ಪು ಬೇಯಿಸುವ ಬ್ಯಾರನ್ ಇರುವ ಮನೆಯ ಮಗ ಹುಣಸೂರಿನಲ್ಲಿ ಮದುಮಗಳ ಜಡೆ ಕಟ್ಟುವ ಅಂಗಡಿ ಇಟ್ಟ ದಿನ ನೀನು ಆ ಫೋಟೋವನ್ನು ಗೋಡೆಯಿಂದ ಇಳಿಸಿ ಟ್ರಂಕಿಗೆ ಹಾಕಿದೆ. "ಎಲ್ಲಾ ಇದ್ರಿಂದ್ಲೇ ಆಗಿದ್ದು ಕಣೆ. ಎಣ್ಣಿನ್ ಯೇಸ ಆಕ್ಸಿ ನನ್ ಮಗನ್ನ ಕೆಡಿಸ್ಬುಟ್ಟೆ" ಎಂದು ಅವ್ವನ ಮೇಲೆ ಎಗರಾಡಿದೆ. ಅಂಗಡಿ ಇಟ್ಟವನು ನಾನು, ಬೈಗುಳ ತಿಂದವಳು ಅವಳು. ಈಗ ಸ್ಪಂದನಾಳ ಮದುವೆ ಗೊತ್ತಾಗಿದೆ. ಊರವರ ಹೆಣ್ಣುಮಕ್ಕಳಿಗೆಲ್ಲ ಜಡೆ ಕಟ್ಟುವವನು ಒಡಹುಟ್ಟಿದ ಅಣ್ಣನೇ ಇರುವಾಗ, ಅವಳ ಜಡೆಯನ್ನು ಮೈಸೂರಿನಿಂದ ತರಿಸುತ್ತೇನೆ ಎಂದೆಯಂತೆ. ಕೇಳಿದ ದಿನ ನನಗೆ ಊಟ ಸೇರಲಿಲ್ಲ ಅಪ್ಪ. ಸುಳ್ಳೇಕೆ ಹೇಳಲಿ, ಅಳುವೂ ಬಂತು.

ಹೋದ ಸೋಮವಾರ ಅವ್ವ ಅಂಗಡಿಗೆ ಬಂದಿದ್ದಳು. ಕಣ್ಣಿನ ಆಸ್ಪತ್ರೆಗೆ ಎಂದು ನಿನಗೆ ಹೇಳಿ ಬಂದಿದ್ದಳು, ಬೈಯಬೇಡ. ಹಳೆ ಸೀರೆಯಲ್ಲಿ ಸುತ್ತಿಕೊಂಡು ಆ ಫೋಟೋ ತಂದಿದ್ದಳು. ಟ್ರಂಕಿನಲ್ಲಿ ಗಾಜು ಒಡೆದಿತ್ತು, ಹೊಸದು ಹಾಕಿಸು ಎಂದಳು. ಹಿಂದಿನ ಮೊಳೆ ಕಿತ್ತು ಫೋಟೋ ಹೊರಗೆ ತೆಗೆದೆ. ಸುತ್ತ ಅಂಟಿಸಿದ್ದ ರಟ್ಟಿನ ಪಟ್ಟಿ ಎಡಗಡೆ ಮಾತ್ರ ನಾಲ್ಕು ಬೆರಳು ಅಗಲ ಇತ್ತು. ಅದು ಕಳಚಿಕೊಂಡಿತು. ಅದರ ಹಿಂದೆ ನೀನು ಸಿಕ್ಕಿಬಿದ್ದೆ.

ಕುಕ್ಕರುಗಾಲಿನಲ್ಲಿ ಕೂತಿದ್ದೀಯ. ಮೀಸೆ ಕರ್ರಗಿದೆ. ನನ್ನ ಜಡೆಯ ತುದಿ ನಿನ್ನ ಎಡಗೈಯಲ್ಲಿ, ದಾರದ ಕೊನೆ ನಿನ್ನ ಹಲ್ಲಿನಲ್ಲಿ. ನೀನು ಗಂಟು ಬಿಗಿಯುವ ಮೊದಲೇ ಕ್ಲಿಕ್ ಮಾಡಿಬಿಟ್ಟಿದ್ದಾರೆ, ರೀಲಿನಲ್ಲಿ ಅದೊಂದೇ ಉಳಿದಿತ್ತೋ ಏನೋ. ದಾರ ಹೂವಿನವರ ಬಾಳೆನಾರಲ್ಲ, ಬ್ಯಾರನ್ನಿನ ಸಣಬಿನ ದಾರ. ರಟ್ಟು ಹೋದ ಮೇಲೆ ಈಗ ಕನ್ನಡಿಯಲ್ಲಿ ಇಡೀ ಜಡೆ ಕಾಣುತ್ತದೆ. ಆ ಕಡೆ ಎರಡು ಮೊಗ್ಗು, ಈ ಕಡೆ ಎರಡು ಮೊಗ್ಗು, ನಡುವೆ ಒಂದು ಸುತ್ತು. ಹಸಿ ಸೊಪ್ಪನ್ನು ಕಡ್ಡಿಗೆ ಕಟ್ಟುತ್ತೀಯಲ್ಲ, ಅದೇ ಕಟ್ಟು. ಗುರುತು ಹಿಡಿಯಲು ನನಗೆ ಒಂದು ಗಳಿಗೆ ಸಾಕಾಯಿತು, ಯಾಕೆಂದರೆ ಇವತ್ತಿಗೂ ನಾನು ಕಟ್ಟುವುದು ಹಾಗೆಯೇ. ನನ್ನ ಜಡೆಗೆ ಹೆಸರು ಬಂದಿರುವುದೂ ಅದರಿಂದಲೇ. ಮುಹೂರ್ತ ಮುಗಿದು ಕೊನೆಯ ಪಂಕ್ತಿ ಎದ್ದರೂ ಒಂದು ಮೊಗ್ಗು ಉದುರುವುದಿಲ್ಲ. ಯಾರು ಕಲಿಸಿದ್ದು ಎಂದು ಕೇಳಿದವರಿಗೆಲ್ಲ ತಾನಾಗೇ ಬಂತು ಎಂದು ಜಂಬ ಕೊಚ್ಚುತ್ತಿದ್ದೆ.

ಅವ್ವನಿಗೆ ತೋರಿಸಿದೆ. ಕನ್ನಡಕ ಒರೆಸಿಕೊಂಡು ಇನ್ನೊಮ್ಮೆ ನೋಡಿದಳು. ಆಮೇಲೆ ನಗಲು ಶುರು ಮಾಡಿದವಳು ನಿಲ್ಲಿಸಲೇ ಇಲ್ಲ. ಆಗ ಅವಳು ಸ್ಪಂದನಾಳನ್ನು ಹೆತ್ತ ಬಾಣಂತಿ. ಮೊಗ್ಗು ಕೊಟ್ಟು, ಪಟ್ಟಣದಲ್ಲಿ ಹೂವಿನವಳ ಹತ್ತಿರ ಕಟ್ಟಿಸು ಎಂದು ನಮ್ಮಿಬ್ಬರನ್ನು ಕಳಿಸಿದ್ದಳಂತೆ. ಹೂವಿನವಳು ಸಿಗಲಿಲ್ಲ, ನಾನೇ ಕಟ್ಟಿದೆ ಎಂದು ನೀನು ಬಾಯಿಬಿಡಲೇ ಇಲ್ಲ. "ಇಪ್ಪತ್ತೆಂಟು ವರ್ಸ ಆ ಊವಿನವ್ಳ ಕೈಗುಣ ಒಗಳ್ಕೊಂಡ್ ಬಂದೆ ಕಣ್ಲಾ ಮಗ. ಒಗಳ್ದಾಗೆಲ್ಲ ನಿಮ್ಮಪ್ಪ ಮೀಸೆ ತೀಡ್ಕೊಂಡು ಎದ್ದೋಗೋರು" ಎಂದಳು. ಎಡಗಡೆ ರಟ್ಟು ಅಗಲ ಮಾಡಿ ಮುಚ್ಚಲು ಸ್ಟುಡಿಯೋದ ಚಿಕ್ಕಬಸಪ್ಪನವರಿಗೆ ಹೇಳಿದ್ದು ನೀನೇ ಇರಬೇಕು. ಬ್ಯಾರನ್ ಚಲುವಯ್ಯ ಹೂ ಕಟ್ಟಿದ ಎಂದು ಊರಿಗೆ ಗೊತ್ತಾದರೆ ಏನು ಗತಿ?

ಕುಂಬಳಕಾಯಿ ಕಳ್ಳ ಎಂದರೆ ಎಲ್ಲರೂ ತಮ್ಮ ಹೆಗಲು ಮುಟ್ಟಿ ನೋಡಿಕೊಳ್ಳುತ್ತಾರೆ. ನೀನು ಅವ್ವನ ಹೆಗಲು ತೋರಿಸಿದೆಯಲ್ಲ, ಭಲೇ ಅಪ್ಪ. ಆ ಕೂಸು ಎತ್ತ ನೋಡುತ್ತಿತ್ತು ಎಂದು ಈಗ ಗೊತ್ತಾಯಿತು. ನಿನ್ನ ಕೈ ನೋಡುತ್ತಿತ್ತು. ಅವತ್ತು ಬಾಯಿ ಬಿಟ್ಟುಕೊಂಡು ನೋಡಿದ್ದನ್ನೇ ನಾನು ಇವತ್ತು ಮಾಡುತ್ತಿರುವುದು. ಈ ಆರು ವರ್ಷ ನಿನಗೆ ಬೇಡವಾದ ಮಗ ಎಂದುಕೊಂಡು ಕೊರಗಿದ್ದೇನೆ. ಈಗ ನೋಡಿದರೆ ಮನೆಯಲ್ಲಿ ನಿನ್ನನ್ನು ಹೋಲುವವನು ನಾನೊಬ್ಬನೇ. ಎಷ್ಟು ಸಂತೋಷವಾಗಿದೆ ಎಂದು ಬರೆಯಲು ಬರುತ್ತಿಲ್ಲ.

ಫೋಟೋಗೆ ಹೊಸ ಗಾಜು ಹಾಕಿಸಿದೆ, ರಟ್ಟು ಹಾಕಿಸಲಿಲ್ಲ. ಅಂಗಡಿಯ ಗೋಡೆಯ ಮೇಲೆ ಇದೆ. ಯಾರಿದು ಎಂದು ಕೇಳಿದವರಿಗೆ ನಮ್ಮ ಗುರುಗಳು ಎನ್ನುತ್ತೇನೆ. ಬೇಡವೆನ್ನಬೇಕಾದರೆ ನೀನೇ ಅಂಗಡಿಗೆ ಬಂದು ಇಳಿಸಬೇಕು.

ಮೈಸೂರಿನ ಜಡೆ ಬೇಡ ಅಪ್ಪ. ಮದುವೆಯ ಹಿಂದಿನ ದಿನ ಮೊಗ್ಗು ತಂದು ನಮ್ಮ ಜಗುಲಿಯ ಮೇಲೆ ಕೂರುತ್ತೇನೆ. ಮೇಲಿನಿಂದ ಕಟ್ಟಿಕೊಂಡು ಬಂದು ತುದಿಯ ಗಂಟು ಹಾಕದೆ ಬಿಟ್ಟಿರುತ್ತೇನೆ. ಗಂಟಿಲ್ಲದ ಜಡೆ ಮುಡಿದರೆ ಸ್ಪಂದನಾ ಮಂಟಪ ಹತ್ತುವಷ್ಟರಲ್ಲಿ ಮೊಗ್ಗೆಲ್ಲ ನೆಲದ ಮೇಲಿರುತ್ತದೆ, ಅದು ನಿನಗೆ ಗೊತ್ತು. ಎದ್ದು ಬರುವಾಗ ಬ್ಯಾರನ್ನಿನಿಂದ ಒಂದು ಉಂಡೆ ದಾರ ತಾ.

ಬೆಟ್ಟದ ಮಲ್ಲಯ್ಯ ನಿನಗೂ ಅವ್ವನಿಗೂ ನೂರು ವರ್ಷ ಕೊಡಲಿ, ದಾರ ಕಚ್ಚುವ ನಿನ್ನ ಹಲ್ಲಿಗೆ ಇನ್ನೂ ಹತ್ತು ವರ್ಷ ಹೆಚ್ಚಿಗೆ ಕೊಡಲಿ.

ಇನ್ನೂ ನಿನ್ನ ಕೈಯನ್ನೇ ನೋಡುತ್ತಿರುವ ಮಗ,
ರಘು