ಕಾಗದದ ತಲೆಗೆ ಶ್ರೀ

ಶ್ರೀ

ಗಂಗೊಳ್ಳಿ, ೧೧-೧-೧೯೬೬

ಹೊಸನಗರದ ಅಕ್ಕ ಹಾಲಮ್ಮನಿಗೆ ತಮ್ಮ ಕನ್ನಪ್ಪನ ನಮಸ್ಕಾರ.

ಭಾವನನ್ನು ಹುಡುಕುತ್ತ ಆರು ದಿನ ಸೈಕಲ್ ತುಳಿದೆ. ಸಾಗರದಾಚೆ ಹಿನ್ನೀರಿನ ನಡುಗಡ್ಡೆಗಳಿಗೆ ಸೈಕಲ್ಲನ್ನೂ ದೋಣಿಗೆ ಹಾಕಿಕೊಂಡು ಹೋದೆ. ನಮ್ಮೂರು ಮುಳುಗಿದ ಮೇಲೆ ಅಲ್ಲಿ ಯಾರೂ ಅವರನ್ನು ಕಂಡಿಲ್ಲ. ಆಮೇಲೆ ಘಟ್ಟ ಇಳಿದೆ.

ನಿನ್ನೆ ಇಲ್ಲಿ ಕಡಲ ದಂಡೆಯಲ್ಲಿ ಸಿಕ್ಕರು. ಬಲೆ ಬಿಡಿಸುತ್ತಿದ್ದರು. ಪಕ್ಕದಲ್ಲಿ ಒಬ್ಬಳು ಮಗುವಿಗೆ ಹಾಲೂಡಿಸುತ್ತಿದ್ದಳು. “ನಾ ಸತ್ತೆ ಅಂತ ಬರ್ದುಬಿಡು ಕನ್ನಪ್ಪ” ಅಂದರು. ಅವರಿಗೆಂದು ನೀನು ಕೊಟ್ಟ ಮಿಡಿ ಉಪ್ಪಿನಕಾಯಿ ನನ್ನ ಹತ್ತಿರವೇ ಇದೆ.

ಹಿಂದಿನ ಟಯರು ಹೋಗಿದೆ. ಬರುವುದು ತಡವಾದರೆ ದನಗಳನ್ನು ನೋಡಿಕೊ.

ಸಾವಿನ ಕಾಗದಕ್ಕೆ ಶ್ರೀ ಹಾಕುವುದಿಲ್ಲವಲ್ಲ, ಹಾಗೆ ಶ್ರೀ ಇಲ್ಲದೆ ಶುರುಮಾಡಿ ಎರಡು ಕಾಗದ ಹರಿದುಹಾಕಿದೆ. ಇದಕ್ಕೆ ಹಾಕಿದ್ದೇನೆ. ಬಳೆ ತೆಗೆಯುವುದೋ ಇಟ್ಟುಕೊಳ್ಳುವುದೋ ನಿನಗೇ ಬಿಟ್ಟಿದ್ದು.

ನಿನ್ನ ತಮ್ಮ
ಕನ್ನಪ್ಪ