ಗಿರಣಿಯ ಗೇಟಿಗೆ ಬೀಗ ಹಾಕಿದ್ದು ಯಾರು?

ಇತಿಹಾಸದ ಅವಧಿಯನ್ನು ಕಿತ್ತುಕೊಂಡು ಇತಿಹಾಸದ ಶಿಕ್ಷಕಿಯನ್ನು ಮಾತ್ರ ಉಳಿಸಿಕೊಂಡಿರುವ ಮಾನ್ಯ ಶಿಕ್ಷಣಾಧಿಕಾರಿಗಳೇ,

ಮೊದಲೇ ಹೇಳಿಬಿಡುತ್ತೇನೆ: ನನಗೆ ಪಾಠವೂ ಇಲ್ಲ, ಬಿಡುಗಡೆಯೂ ಇಲ್ಲ. ನಮ್ಮ ಹೆಣ್ಣುಮಕ್ಕಳ ಶಾಲೆಯಲ್ಲಿ ಇತಿಹಾಸದ ಅವಧಿಗಳೆಲ್ಲ ಈಗ ಗಣಿತದ ಮಾದರಿ ಪರೀಕ್ಷೆಗೆ ಮೀಸಲು. ಮಕ್ಕಳು ಲೆಕ್ಕ ಬಿಡಿಸುತ್ತಾರೆ, ನಾನು ಕಾವಲು ಕೂರುತ್ತೇನೆ. ವರ್ಗ ಮಾಡಿ ಎಂದರೆ, ಈ ಶಾಲೆಗೆ ಇತಿಹಾಸದ ಶಿಕ್ಷಕಿ ಅತ್ಯಗತ್ಯ ಎಂದಿರಿ. ಸ್ವಯಂ ನಿವೃತ್ತಿ ಕೊಡಿ ಎಂದರೆ, ಇತಿಹಾಸ ಶಿಕ್ಷಕರ ತೀವ್ರ ಕೊರತೆಯಿದೆ ಎಂದಿರಿ. ಹಾಗಾದರೆ ಪಾಠ ಮಾಡಲು ಬಿಡಿ ಎಂದರೆ, ಇತಿಹಾಸಕ್ಕೆ ಸಮಯವಿಲ್ಲ ಎಂದಿರಿ. ಮೂರೂ ಉತ್ತರಗಳ ಕೆಳಗೆ ತಮ್ಮದೇ ಸಹಿ. ಸಹಿ ಹಾಕುವಾಗ ತಮಗೆ ಒಮ್ಮೆಯೂ ನಗು ಬರಲಿಲ್ಲವೇ?

ಇದಕ್ಕೆಲ್ಲ ಕಾರಣವಾದ ಸಂಗತಿ ಸಾರ್ವಜನಿಕರಿಗೂ ತಿಳಿಯಲಿ. ನಮ್ಮ ಶಾಲೆ ನಡೆಯುತ್ತಿರುವುದು ಹಿಂದೆ ನೂಲಿನ ಗಿರಣಿಯಾಗಿದ್ದ ಕಟ್ಟಡದಲ್ಲಿ. ಮುಷ್ಕರದ ವರ್ಷ ಗಿರಣಿ ಮುಚ್ಚಿತು, ಅರ್ಧ ಪೇಟೆ ಕೆಲಸ ಕಳೆದುಕೊಂಡಿತು. ಗೇಟಿಗೆ ಬೀಗ ಹಾಕಿದ್ದು ಮಾಲೀಕರೋ ಕೆಲಸಗಾರರೋ ಎಂಬ ಜಗಳದಲ್ಲಿ ಇವತ್ತಿಗೂ ಎಷ್ಟೋ ಮನೆಗಳ ನಡುವೆ ಮಾತುಕತೆಯಿಲ್ಲ. ರಾಜರ ಹೆಸರು ಕೇಳಿದರೆ ಆಕಳಿಸುತ್ತಿದ್ದ ಒಂಬತ್ತನೇ ತರಗತಿಯವರಿಗೆ, ಇದನ್ನು ನೀವೇ ಕಂಡುಹಿಡಿಯಿರಿ ಎಂದೆ. ಒಬ್ಬಳು ಗಿರಣಿಯ ಅಡುಗೆಮನೆಯಲ್ಲಿ ದುಡಿದಿದ್ದ ತನ್ನ ಅಜ್ಜಿಯನ್ನು ಕರೆತಂದಳು. ಇನ್ನೊಬ್ಬಳು ಮಾಲೀಕರ ಕಾರು ಓಡಿಸುತ್ತಿದ್ದ ತಾತನನ್ನು ಕರೆತಂದಳು. ಇಬ್ಬರೂ ಒಬ್ಬರ ಮುಖ ಒಬ್ಬರು ನೋಡದೆ ಕೂತರು.

“ಮಾಲೀಕರ ಕಡೆಯವರೇ ಬೀಗ ಜಡಿದ್ರು. ಅಡುಗೆಮನೆ ಕಿಟಕೀಲಿ ನಿಂತು ಕಣ್ಣಾರೆ ನೋಡಿದೀನಿ” ಎಂದರು ಅಜ್ಜಿ.

“ಕೆಲಸದವರೇ ಹಾಕಿದ್ದು. ಊರಿಗೇ ಗೊತ್ತು” ಎಂದರು ತಾತ.

ತರಗತಿಯಲ್ಲಿ ವರ್ಷವಿಡೀ ಬಾಯಿ ಬಿಡದ ಹುಡುಗಿಯೊಬ್ಬಳಿದ್ದಾಳೆ. ಗೆಳತಿಯರಿಗೆ ಅವಳು ಮೌನಗೌರಿ. ಅವಳು ಎದ್ದು ನಿಂತು, “ಅಜ್ಜಿ, ಆ ಕಿಟಕಿ ತೋರಿಸ್ತೀರಾ?” ಎಂದಳು.

ಎಲ್ಲರೂ ಹೋದೆವು. ಆ ಅಡುಗೆಮನೆಯಲ್ಲಿ ಈಗ ಮುರಿದ ಬೆಂಚುಗಳಿವೆ. ಅಜ್ಜಿ ಕಿಟಕಿಗೆ ಬಂದು ನಿಂತರು. ಎದುರಿಗೆ ಉಗ್ರಾಣದ ಗೋಡೆ. ಕತ್ತು ಚಾಚಿದರು, ಪಕ್ಕಕ್ಕೆ ಸರಿದು ನೋಡಿದರು. ಗೇಟು ಕಾಣಲೇ ಇಲ್ಲ.

“ಈ ಗೋಡೆ ಆಮೇಲೆ ಕಟ್ಟಿರ್ಬೇಕು.”

“ಇಲ್ಲಮ್ಮ, ನಾನು ಕೆಲಸಕ್ಕೆ ಸೇರಿದಾಗ್ಲೇ ಇತ್ತು” ಎಂದರು ತಾತ, ಮೆಲ್ಲಗೆ. ಗೆದ್ದವರ ದನಿ ಅದಾಗಿರಲಿಲ್ಲ.

ಅಜ್ಜಿ ಅಲ್ಲೇ ಕೂತುಬಿಟ್ಟರು. “ಹಾಗಾದ್ರೆ ನಾನು ನೋಡಿಲ್ಲ. ನಮ್ಮನೆಯವ್ರು ಬಂದು ಹೇಳಿದ್ದು. ಸಾಯೋವರೆಗೂ ಅದನ್ನೇ ಹೇಳ್ತಿದ್ರು. ಕೇಳಿ ಕೇಳಿ ನಾನೇ ನೋಡಿದೀನಿ ಅಂತ ಆಗೋಯ್ತು.”

ಮೌನಗೌರಿ ಅವರ ಕೈ ಹಿಡಿದುಕೊಂಡೇ ತಾತನ ಕಡೆ ತಿರುಗಿದಳು. “ತಾತ, ಅವತ್ತು ನೀವೆಲ್ಲಿದ್ರಿ?”

“ನಾನಾ? ಮಾಲೀಕರನ್ನ ಕೂರಿಸ್ಕೊಂಡು ಬೇರೆ ಊರಿಗೆ ಹೋಗಿದ್ದೆ” ಎಂದು ತಾತ ನಕ್ಕರು. ಅಜ್ಜಿಗೂ ನಗು ತಡೆಯಲಾಗಲಿಲ್ಲ. ಆ ಎರಡು ಮನೆಯವರು ಒಟ್ಟಿಗೆ ನಕ್ಕಿದ್ದನ್ನು ನಾನು ಅದೇ ಮೊದಲು ಕಂಡದ್ದು. ಹೊರಡುವಾಗ ತಾತ ಹೇಳಿದರು: “ಅವತ್ತು ಗೇಟಲ್ಲಿದ್ದ ವಾಚ್‌ಮನ್ ಇನ್ನೂ ಬದುಕಿದಾನೆ. ಎಲ್ಲಿದಾನೆ ಅಂತ ನನಗೊಬ್ಬನಿಗೇ ಗೊತ್ತು. ಮುಂದಿನ ವಾರ ಕರ್ಕೊಂಡು ಬರ್ತೀನಿ.”

ಮುಂದಿನ ವಾರ ಬಂದದ್ದು ತಮ್ಮ ನೋಟೀಸು. ಅನಧಿಕೃತ ವ್ಯಕ್ತಿಗಳ ಪ್ರವೇಶ. ಹಿರಿಯರ ಮಾತನ್ನು ಶಂಕಿಸಲು ಮಕ್ಕಳಿಗೆ ಪ್ರಚೋದನೆ. ಯಾರೋ ಪೋಷಕರು ದೂರಿದರಂತೆ. ಜೊತೆಗೇ ಒಂದು ಆದೇಶ: ಹೊರಗಿನವರನ್ನು ಒಳಗೆ ಬಿಡಬಾರದು, ಇತಿಹಾಸದ ಅವಧಿಗಳು ಇನ್ನು ಗಣಿತಕ್ಕೆ. ಸ್ವಾಮಿ, ‘ನಿಮಗೆ ಹೇಗೆ ಗೊತ್ತು’ ಎಂದು ಮರ್ಯಾದೆಯಿಂದ ಕೇಳುವುದನ್ನು ಕಲಿಸದಿದ್ದರೆ ಇತಿಹಾಸದಲ್ಲಿ ಕಲಿಸಲು ಇನ್ನೇನು ಉಳಿಯುತ್ತದೆ? ಅಜ್ಜಿಗೆ ಅವಮಾನವಾಗಿದ್ದರೆ ಅವರೇಕೆ ಮರುವಾರವೂ ಬಂದು, ಒಳಗೆ ಬಿಡಿ ಎಂದು ಕಾದರು? ಮುಖ್ಯೋಪಾಧ್ಯಾಯಿನಿ ತಮ್ಮ ಆದೇಶ ತೋರಿಸಿ ವಾಪಸ್ ಕಳಿಸಿದರು. ಅವರನ್ನು ದೂರುವುದಿಲ್ಲ, ಅವರೂ ನನ್ನ ಹಾಗೆ ಸಿಕ್ಕಿಬಿದ್ದವರೇ.

ಕಳೆದ ತಿಂಗಳು ತಾತನಿಗೆ ಲಕ್ವ ಹೊಡೆಯಿತು. ಮೌನಗೌರಿಯ ಜೊತೆ ನೋಡಲು ಹೋಗಿದ್ದೆ. ನಮ್ಮನ್ನು ಕಂಡೊಡನೆ ಏನೋ ಹೇಳಲು ಒದ್ದಾಡಿದರು, ಮಾತು ಹೊರಡಲಿಲ್ಲ. “ವಾಚ್‌ಮನ್ ವಿಷ್ಯಾನಾ ತಾತ?” ಎಂದು ಹುಡುಗಿ ಕೇಳಿದಳು. ಹೌದೆನ್ನುವಂತೆ ಕಣ್ಣು ಮುಚ್ಚಿ ತೆರೆದರು. ಯಾವ ಊರು, ಯಾವ ಬೀದಿ? ಮನೆಯವರಿಗೂ ಗೊತ್ತಿಲ್ಲ. ಹಿಂದಿರುಗುವಾಗ ಅವಳು, “ಅವತ್ತೇ ಕೇಳಿಬಿಡ್ಬೇಕಿತ್ತು ಅಲ್ವಾ ಮಿಸ್?” ಎಂದಳು.

ನನ್ನ ಬೇಡಿಕೆ ದೊಡ್ಡದೇನಲ್ಲ. ವಾರಕ್ಕೊಂದು ಇತಿಹಾಸದ ಅವಧಿ ಮರಳಿಸಿ, ನೆನಪಿರುವ ಹಿರಿಯರು ತರಗತಿಗೆ ಬಂದು ಕೂರಲು ಅನುಮತಿ ಕೊಡಿ. ಅದಾಗದಿದ್ದರೆ ನನ್ನನ್ನಾದರೂ ಬಿಟ್ಟುಬಿಡಿ. ಆ ಹುಡುಗಿಯ ಜೊತೆ ಬೀದಿ ಬೀದಿ ಅಲೆದು ವಾಚ್‌ಮನ್ ಎಲ್ಲಿದ್ದಾರೆಂದು ವಿಚಾರಿಸುತ್ತೇನೆ. ಉತ್ತರಿಸಲು ತಮಗೆ ಬೇಕಾದಷ್ಟು ಸಮಯವಿದೆ. ಅವರಿಗೆ ಎಷ್ಟಿದೆಯೋ ಗೊತ್ತಿಲ್ಲ.

ಇಂತಿ,
ಹುದ್ದೆಯಲ್ಲಿದ್ದೂ ಕೆಲಸವಿಲ್ಲದ,
ವಿಷಯ ಕಳೆದುಕೊಂಡ ವಿಷಯ ಶಿಕ್ಷಕಿ